‘ಅರ್ಥವಾಯಿತು’ ಎಂದರು
ಪಾಂಗ್ ದೊಕ್ಸು ಜುಟ್ಟು ಹಿಡಿದು ಎಳೆದ ರಭಸಕ್ಕೆ ಮಿರಾನಳ ಹಣೆ ಮೇಜಿನ ಅಂಚಿಗೆ ಬಡಿಯಿತು. ಬುಸಾನಿನ ಮೀನುಪೇಟೆಯಲ್ಲಿ ಜೀವಮಾನವೆಲ್ಲ ಹಸಿಮೀನು ಸೀಳಿದ ಉದ್ದನೆಯ ಚಾಕು ಅವನ ಕೈಯಲ್ಲಿತ್ತು. ಹೋದ ಬಲಗಣ್ಣಿನ ಮೇಲೆ ಬಿಳಿ ಪಟ್ಟಿ. ಕಣ್ಣಿನ ಡಾಕ್ಟರು ಕೂ ಟೇಸಪ್ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಮಿರಾನ್ ಅವರ ಕ್ಲಿನಿಕ್ಕಿನ ಮ್ಯಾನೇಜರು.

“ಓದೇ! ನನ್ನ ಹೆಸರಲ್ಲಿ ಏನು ಬರ್ದಿದೀರ, ಗಟ್ಟಿಯಾಗಿ ಓದು!”

“ಓದ್ತೀನಿ ಅಪ್ಪಾಜಿ, ಕೂದ್ಲು ಬಿಡಿ.” ಕ್ಲಿನಿಕ್ಕಿಗೆ ಬರುವ ಹಿರಿಯರೆಲ್ಲ ಅವಳಿಗೆ ಅಪ್ಪಾಜಿಗಳೇ; ಚಾಕು ಹಿಡಿದು ಬಂದವನಿಗೂ ಬಾಯಲ್ಲಿ ಅದೇ ಬಂತು. ಕಂಪ್ಯೂಟರಿನಲ್ಲಿದ್ದುದನ್ನು ಓದಿದಳು: “ರೆಟಿನಾ ಕಳಚುವ ಅಪಾಯ ವಿವರಿಸಲಾಗಿದೆ. ಕಣ್ಣಲ್ಲಿ ಮಿಂಚು ಕಂಡರೆ ತಕ್ಷಣ ಬರಲು ಹೇಳಲಾಗಿದೆ. ರೋಗಿ ಅರ್ಥವಾಯಿತು ಎಂದರು.”

“ಹೇಳಿದ್ನಾ ಇವ್ನು? ಮಿಂಚು ಅನ್ನೋ ಮಾತು ಇವನ ಬಾಯಲ್ಲಿ ಬಂತಾ? ಎಷ್ಟು ದಿನ ಮಿಂಚು ಹೊಡೀತು ಗೊತ್ತಾ? ನಿದ್ದೆಗೆಟ್ಟಿದೀನಿ ಅಂದ್ಕೊಂಡು ಸುಮ್ನಿದ್ದೆ ನಾನು!”

“ಹೇಳಿದೀನಿ! ನೀವೇ ‘ನೇ, ನೇ’ ಅಂದ್ರಲ್ಲ!” ಎಂದರು ಡಾಕ್ಟರು.

ಅಂದಿದ್ದ, ಸುಳ್ಳಲ್ಲ. ಡಾಕ್ಟರ ಮುಂದೆ ತಲೆ ಬಗ್ಗಿಸಿ ‘ನೇ’ ಅನ್ನದ ಕೊರಿಯಾದವನು ಇನ್ನೂ ಹುಟ್ಟಬೇಕು. ಅದು ‘ಹೌದು’ ಎಂದೂ ಆಯಿತು, ‘ಹೂಂ, ಕೇಳ್ತಿದ್ದೀನಿ ಸ್ವಾಮಿ’ ಎಂದೂ ಆಯಿತು. ಆದರೆ ಈ ಮಹಾರಾಯ ‘ನೇ’ ಎಂದದ್ದು “ವಯಸ್ಸಾಯ್ತು, ಮಂಜಾಗುತ್ತೆ, ಹನಿ ಹಾಕ್ಕೊಳ್ಳಿ” ಎಂಬ ಮಾತಿಗೆ. ಪಕ್ಕದಲ್ಲೇ ನಿಂತಿದ್ದ ಮಿರಾನಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಈ ಮೂರು ಸಾಲನ್ನು ನಂಬಿಯೇ ಮೀನಿನವನ ದೂರನ್ನು ಕೋರ್ಟು ಎತ್ತಿ ಬಿಸಾಕಿದ್ದೂ ಗೊತ್ತಿತ್ತು. ಬಾಯಿ ಬಿಟ್ಟರೆ ಜೋಕೆ ಎಂಬಂತೆ ಡಾಕ್ಟರು ಅವಳನ್ನೇ ದಿಟ್ಟಿಸುತ್ತಿದ್ದರು.

ಚಾಕುವಿನ ತುದಿ ಅವಳ ಕಿವಿಯ ಹಿಂದೆ ಇಳಿಯಿತು. ಕತ್ತಿನ ಮೇಲೆ ಬೆಚ್ಚಗೆ ರಕ್ತ ಹರಿಯಿತು.

“ಹೇಳ್ಲಿಲ್ಲ ಅಪ್ಪಾಜಿ. ಇವರು ಹೇಳ್ಲೂ ಇಲ್ಲ, ಬರೀಲೂ ಇಲ್ಲ. ಕೀಬೋರ್ಡಿನ ಒಂದು ಗುಂಡಿ ಬರೀತು. ಹೊರಗೆ ಜನ ಸಾಲುಗಟ್ಟಿರ್ತಾರೆ, ಕೆಲಸ ಬೇಗ ಆಗ್ಲಿ ಅಂತ ನಾನೇ ಮಾಡಿಕೊಟ್ಟಿದ್ದು. ರೋಗಿ ‘ನೇ’ ಅಂದ್ರೆ ಇವರು ಒತ್ತೋದು, ಮೂರೂ ಸಾಲು ತಾನಾಗೇ ಬೀಳೋದು.”

“ಒತ್ತು, ನೋಡ್ತೀನಿ.”

ಒತ್ತಿದಳು. ಇವತ್ತಿನ ತಾರೀಖಿನ ಕೆಳಗೆ ಅದೇ ಮೂರು ಸಾಲು ಪಟಪಟನೆ ಬಿದ್ದವು. ರೋಗಿ ಅರ್ಥವಾಯಿತು ಎಂದರು.

ದೊಕ್ಸು ನಕ್ಕ. ಆಮೇಲೆ “ಅರ್ಥ ಆಯ್ತು ಕಣೋ!” ಎಂದು ಅರಚಿ ಡಾಕ್ಟರ ಕುತ್ತಿಗೆಗೆ ಬೀಸಿದ. ದೂರದ ಅಂದಾಜಿನಲ್ಲಿ ಒಂಟಿಗಣ್ಣು ಕೈಕೊಟ್ಟಿತು. ಚಾಕು ತೋಳನ್ನು ಮೂಳೆಯವರೆಗೆ ಸೀಳಿತು. ಎರಡನೇ ಏಟು ಮೇಜಿಗೆ ಬಿದ್ದು ಅಲಗು ಮರದಲ್ಲಿ ಸಿಕ್ಕಿಕೊಂಡಿತು. ಅಷ್ಟರಲ್ಲಿ ಹೊರಗೆ ಸರದಿ ಕಾಯುತ್ತಿದ್ದ ರೋಗಿಗಳಿಬ್ಬರು ನುಗ್ಗಿ ಅವನನ್ನು ಕೆಡವಿದರು. ಬಿದ್ದ ಮೇಲೂ ಬಿಡದೆ ಮುಖಕ್ಕೆ ಒದ್ದರು.

“ಕಣ್ಣಿಗೆ ಒದೀಬೇಡ್ರೋ, ಅದೊಂದೇ ಇರೋದು ಅವರಿಗೆ!” ಮಿರಾನ್ ಕಿರುಚಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನನ್ನು ದರದರನೆ ಹೊರಗೆ ಎಳೆದೊಯ್ದರು.

ಡಾಕ್ಟರು ನೆಲದ ಮೇಲೆ ಬಿದ್ದಿದ್ದರು. ತೋಳಿನಿಂದ ರಕ್ತ ಚಿಮ್ಮುತ್ತಿತ್ತು. ಮಿರಾನ್ ತನ್ನ ಸ್ವೆಟರ್ ಬಿಚ್ಚಿ ಗಾಯಕ್ಕೆ ತುರುಕಿ, ಎರಡೂ ಕೈಯಿಂದ ಮೈಭಾರವೆಲ್ಲ ಬಿಟ್ಟು ಅದುಮಿದಳು.

“ಮಿರಾನ್... ಇವತ್ತಿನ ಆ ಸಾಲು,” ಡಾಕ್ಟರು ಕಂಪ್ಯೂಟರಿನತ್ತ ಗೋಣು ತಿರುಗಿಸಿದರು. “ಅಳಿಸಿಬಿಡಿ. ಪೊಲೀಸ್ನೋರು ನೋಡಿದ್ರೆ ಹಳೇದೂ ಹೀಗೇ ಬಂದಿದ್ದು ಅಂತ ಗೊತ್ತಾಗುತ್ತೆ. ಬೇಗ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನಿಗೆ ಎಲ್ಲವನ್ನೂ ಬೇಗ ಮಾಡಿಕೊಟ್ಟವಳು ತಾನೇ ಎಂದು ಅಸಹ್ಯವೂ ಆಯಿತು.

“ನನ್ನ ಎರಡೂ ಕೈ ಇಲ್ಲಿವೆ ಡಾಕ್ಟ್ರೇ. ಎತ್ತಿದ್ರೆ ರಕ್ತ ನಿಲ್ಲಲ್ಲ. ಯಾವುದು ಮಾಡ್ಲಿ, ನೀವೇ ಹೇಳಿ.”

ಕೆಳಗೆ ಬೀದಿಯಲ್ಲಿ ಸೈರನ್ ಕೂಗಿತು. ಡಾಕ್ಟರು ಒಮ್ಮೆ ಪರದೆ ನೋಡಿದರು, ಒಮ್ಮೆ ಅವಳ ಮುಖ ನೋಡಿದರು.

“ಕೈ ತೆಗೀಬೇಡಿ,” ಎಂದರು.