ಶನಿವಾರದ ಸಾಲು

ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಗೆ ಎರಡು ರಾಮಮಂದಿರ, ಅದೂ ಎದುರುಬದುರು. ಒಡೆದು ಬೇರೆಯಾದ ಇಪ್ಪತ್ತಾರು ವರ್ಷದ ಮೇಲೆ, ತೊಂಬತ್ತೊಂದರ ರಾಮನವಮಿಗೆ, ಎರಡೂ ಒಂದಾಗಲಿದ್ದವು. "ಮಂದಿರದ ಚರಿತ್ರೆ ಹತ್ತು ಸಾಲಲ್ಲಿ ಬರ್ಕೊಡಿ ಮೇಷ್ಟ್ರೇ, ಕಲ್ಲಲ್ಲಿ ಕೆತ್ತಿಸ್ತೀವಿ" ಎಂದು ಎರಡೂ ಕಡೆಯವರು ಬಂದಾಗ, ಮಗ್ಗದ ಮನೆಯಲ್ಲಿ ಹುಟ್ಟಿ ಸ್ಕೂಲು ಮೇಷ್ಟ್ರಾಗಿ ನಿವೃತ್ತರಾಗಿದ್ದ ಕೋದಂಡರಾಮಯ್ಯ ಹಿಗ್ಗಿಹೋದರು.

ಒಡೆದದ್ದು ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಕೈಮಗ್ಗದ ಕಾಲದಲ್ಲಿ ಶನಿವಾರ ದೀಪ ಹಚ್ಚಿದರೆ ಬೀದಿಯ ಮಗ್ಗಗಳೆಲ್ಲ ನಿಲ್ಲಬೇಕು, ಭಜನೆ ಶುರುವಾಗಬೇಕು. ಪವರ್‌ಲೂಮ್ ಬಂದ ಮೇಲೆ ಆದಿನಾರಾಯಣಪ್ಪನವರ ಮನೆಯಲ್ಲಿ ಒಂದು ಶನಿವಾರ ಮಗ್ಗ ನಿಲ್ಲಲಿಲ್ಲ. ಜಗಳವಾಗಿ, ಅವರ ಕಡೆಯವರು ಎದುರಿಗೇ ಬೇರೆ ಮಂದಿರ ಕಟ್ಟಿದರು. ಹಾರ್ಮೋನಿಯಂ ಆ ಕಡೆ ಹೋಯಿತು, ಮೃದಂಗ ಈ ಕಡೆ ಉಳಿಯಿತು. ಬರಬರುತ್ತಾ ಈ ಕಡೆಯವರೂ ಒಬ್ಬೊಬ್ಬರಾಗಿ ಪವರ್‌ಲೂಮ್ ಹಾಕಿಕೊಂಡರು. ಮುನಿಸು ಮಾತ್ರ ಹಾಗೇ ಇತ್ತು. ಎಂಥ ಜನವಪ್ಪಾ!

ಮೇಷ್ಟ್ರಿಗೆ ಮುಖ್ಯವಾಗಿ ಬೇಕಿದ್ದದ್ದು ಒಂದೇ ಸಾಲು: 'ಶನಿವಾರ ಸಂಜೆ ಈ ಬೀದಿಯಲ್ಲಿ ಮಗ್ಗ ನಿಲ್ಲತಕ್ಕದ್ದು.'

"ಇದು ನಮ್ಮನ್ನೇ ಚುಚ್ಚಿದಂಗೈತೆ, ಹೊಡೆದುಹಾಕಿ" ಎಂದರು ಆದಿನಾರಾಯಣಪ್ಪ.

ಈ ಕಡೆಯ ಯಜಮಾನ ಹನುಮಂತರಾಯಪ್ಪನವರಾದರೂ ಒಪ್ಪಿಯಾರೆಂದುಕೊಂಡರೆ, "ಬ್ಯಾಡಿ ಮೇಷ್ಟ್ರೇ. ಕಲ್ಲಲ್ಲಿ ಕೆತ್ತಿಸಿದ ಮೇಲೆ ನಿಲ್ಲಿಸ್ಬೇಕಾಯ್ತದಲ್ಲ!" ಎಂದುಬಿಟ್ಟರು.

ಇಪ್ಪತ್ತಾರು ವರ್ಷದಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ. ಮೇಷ್ಟ್ರು ಮೂರು ಸಲ ಬರೆದರು, ಮೂರು ಸಲವೂ ಅವರಿಬ್ಬರೂ ಹೊಡೆದುಹಾಕಿಸಿದರು. ಕೊನೆಗೆ ಕಲ್ಲಿನ ಮೇಲೆ ಉಳಿದದ್ದು ಇಸವಿ ಮತ್ತು ದಾನಿಗಳ ಹೆಸರು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

ನವಮಿ ಕಳೆದ ಮೊದಲ ಶನಿವಾರ ಹಾರ್ಮೋನಿಯಂ ಮತ್ತೆ ಮೃದಂಗದ ಪಕ್ಕ ಬಂದು ಕೂತಿತು. ಮೇಷ್ಟ್ರು ಬಾಯಿ ತೆರೆದರೆ ಬೀದಿ ತುಂಬ ಮಗ್ಗದ ಸದ್ದು. ಅವರ ದನಿ ಅವರಿಗೇ ಕೇಳಲಿಲ್ಲ. ಬೇರೆ ದಿನ ಗಂಟೆಗೊಮ್ಮೆ ಹೋಗುವ ಕರೆಂಟು ಅವತ್ತು ಹೋಗಲೂ ಇಲ್ಲ. ಯಾರ ಮನೆಯದು ಇಷ್ಟು ಸದ್ದೆಂದು ನೋಡಲು ರೇಗಿಕೊಂಡು ಎದ್ದು ಹೊರಟರು. ಮೊದಲು ಸಿಕ್ಕಿದ್ದು ಮಂದಿರದ ಗೋಡೆಗೆ ಅಂಟಿದ್ದ ತಮ್ಮದೇ ಮನೆ. ಒಳಗೆ ನಾಲ್ಕೂ ಮಗ್ಗ ಓಡುತ್ತಿದ್ದವು. ಬೀದಿಗೆಲ್ಲ ಬುದ್ಧಿ ಹೇಳಿದವರಿಗೆ ಮನೆಯಲ್ಲಿ ಹೇಳಬೇಕೆಂದು ಹೊಳೆದೇ ಇರಲಿಲ್ಲ.

ಸ್ವಿಚ್ಚು ಆರಿಸಿದರು. ಮಗ ವೇಣುಗೋಪಾಲ್ ತಿರುಗಿ ನೋಡಿದ.

"ಏನಪ್ಪಾ ಇದು? ಸೋಮವಾರ ಸೀರೆ ಕೊಡ್ಬೇಕು. ಎಲ್ಲಾರ್ದೂ ಓಡ್ತೈತೆ, ನಾವೊಬ್ರು ನಿಲ್ಸಿದ್ರೆ ಏನಾಯ್ತದೆ?"

ಮೇಷ್ಟ್ರು ಕಿವಿಗೊಟ್ಟರು. ಪಕ್ಕದ ಮನೆಯ ಮಗ್ಗ ಕೇಳುತ್ತಿತ್ತು, ಅದರಾಚೆಯದೂ ಕೇಳುತ್ತಿತ್ತು. ಗೋಡೆಯಾಚೆಯ ಭಜನೆ ಮಾತ್ರ ಈಗಲೂ ಕೇಳುತ್ತಿರಲಿಲ್ಲ.

"ಹಾಕ್ಲಾ?" ಎಂದ ವೇಣು.

ಅವರು ಸ್ವಿಚ್ಚಿನ ಮೇಲಿದ್ದ ಕೈ ತೆಗೆದರು.