ಬೆಂದ ತತ್ತಿಗಳು

ಇಲ್ಲ, ಇದು ಕೊಕ್ಕೆಹುಳುವಿನ ತತ್ತಿಯಲ್ಲ, ಅದಕ್ಕೆ ಇಷ್ಟು ಮೈ ಎಲ್ಲಿಂದ ಬರಬೇಕು? ಮೆಣಸಿನಕಾಯಿ ಸಿಪ್ಪೆಯ ಚೂರು ಅನ್ನೋಣವೆಂದರೆ ಸಿಪ್ಪೆ ಪಕ್ಕದಲ್ಲೇ ಬಿದ್ದಿದೆ, ಕೆಂಪಗೆ, ಇಟ್ಟಂಗಿ ಜೋಡಿಸಿದ ಹಾಗೆ. ಇದಕ್ಕೆ ನುಣುಪಾದ ಅಂಚಿದೆ, ಬೆಲ್ಲದ ಪಾಕದ ಬಣ್ಣವಿದೆ. ಒಂದು ತುದಿಯಲ್ಲಿ ಕೂದಲೆಳೆಯಂಥ ಗೆರೆ. ಅದು ಮುಚ್ಚಳವೇ? ಅಥವಾ ಮುಚ್ಚಳವಿರಲಿ ಎಂದು ನಾನೇ ಬಯಸುತ್ತಿದ್ದೇನೆಯೇ?

ಕೊಟ್ರೇಶ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಒರೆಸಿಕೊಂಡ. ಹೊರಗೆ ಹಾವೇರಿಯ ಸ್ಟೇಷನ್ ರಸ್ತೆಯಲ್ಲಿ ಮಾರ್ಚ್ ತಿಂಗಳ ಬಿಸಿಲು. ಪ್ರಾಣಿಶಾಸ್ತ್ರದಲ್ಲಿ ಪದವಿ ಮಾಡಿ, ಮೇಲೆ ಲ್ಯಾಬ್ ತರಬೇತಿಯನ್ನೂ ಮುಗಿಸಿ, ಎರಡು ಸಾವಿರದ ಇಸವಿಯಿಂದ ಅವನು ಡಾಕ್ಟರ್ ಸುಧಾರಾಣಿಯವರ ನರ್ಸಿಂಗ್ ಹೋಮಿನ ಈ ಸಣ್ಣ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಸ್ಲೈಡಿನ ಮೇಲೆ ಇದ್ದದ್ದು ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮನೆಯ ಸೊಸೆ ಶೈಲಾಳ ಮಲ. ಹಿಂದಿನ ಎರಡು ಬಸಿರು ದಿನ ತುಂಬುವ ಮೊದಲೇ ಹೋಗಿದ್ದವು. ಈಗ ಐದು ತಿಂಗಳು. ಮೈಯಲ್ಲಿ ರಕ್ತ ತೀರ ಕಡಿಮೆ. ಕೊಕ್ಕೆಹುಳು ಇರಬಹುದೆಂದು ಡಾಕ್ಟರು ಪರೀಕ್ಷೆಗೆ ಕಳಿಸಿದ್ದರು.

ಅವನು ಸೂಜಿಯ ತುದಿಯಿಂದ ಮೇಲಿನ ತೆಳುಗಾಜನ್ನು ಮೆಲ್ಲಗೆ ಒತ್ತಿದ. ತತ್ತಿ ನಡುಗಿತು. ಇನ್ನೊಂದಿಷ್ಟು ಒತ್ತಿದ. ತುದಿಯ ಗೆರೆ ಬಿರಿದು ಮುಚ್ಚಳ ಡಬ್ಬಿಯ ಹಾಗೆ ತೆರೆದುಕೊಂಡಿತು.

ಎಲೆಹುಳು. ಕುರಿ ದನಗಳ ಯಕೃತ್ತಿನಲ್ಲಿ ಬಾಳುವ ಹುಳು. ಕಾಲೇಜಿನಲ್ಲಿ ಅದರ ಬಾಳಿನ ಸುತ್ತನ್ನು ಅವನು ಬಣ್ಣದ ಪೆನ್ಸಿಲಿನಿಂದ ಬಿಡಿಸಿದ್ದ. ಸಗಣಿಯಿಂದ ನೀರಿಗೆ, ನೀರಿನಲ್ಲಿ ಈಜಿ ಬಸವನಹುಳುವಿನ ಮೈಗೆ, ಅಲ್ಲಿ ಒಂದು ನೂರಾಗಿ ಹೊರಬಂದು ಹೊಳೆದಂಡೆಯ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಹೊಟ್ಟೆಗೆ. ಕಣ್ಣಿಲ್ಲದ ಜೀವಕ್ಕೆ ಈ ದಾರಿಯೆಲ್ಲ ಯಾರು ಹೇಳಿಕೊಟ್ಟರು? ಆಗ ಅದು ಬರೀ ಅಂಕಗಳ ಚಿತ್ರವಾಗಿತ್ತು. ಈಗ ಅವನ ಕೈ ತಣ್ಣಗಾಗಿತ್ತು.

"ಖಾತ್ರಿ ಐತೇನು?" ಸುಧಾರಾಣಿಯವರು ತಾವೂ ಬಗ್ಗಿ ನೋಡಿದರು.

"ಜಾತಿ ಖಾತ್ರಿರಿ ಮೇಡಂ. ಎಲೆಹುಳು."

"ಮನಷ್ಯಾರಿಗೆ ಬರೂದನ್ನ ನಾ ಪುಸ್ತಕದಾಗ ಓದೇನಿ ಅಷ್ಟ." ಅವರು ಸ್ಟೂಲಿನ ಮೇಲೆ ಕುಳಿತರು. "ಹುಬ್ಬಳ್ಳಿಗೆ ಕಳಸಬೇಕು. ಔಷಧಾ ಭಾಳ ಜೋರಿಂದು. ಕೊಟ್ರ ಕೂಸು ಉಳೀತದೋ ಇಲ್ಲೋ ಹೇಳಾಕ ಬರೂದಿಲ್ಲ. ಕೊಡದಿದ್ರ ಆಕಿ ಯಕೃತ್ತು ಉಳಿಯೂದಿಲ್ಲ. ಅಲ್ಲಿಯವರೂ ನಿನ್ನ ರಿಪೋರ್ಟ್ ನೋಡೇ ಕೊಡೂದು, ಕೊಟ್ರೇಶ. ಬರಿಯೋಕಿಂತ ಮೊದಲ ಇನ್ನೊಮ್ಮೆ ನೋಡು."

ಹೊರಗಿನ ಬೆಂಚಿನ ಮೇಲೆ ಶೈಲಾಳ ಗಂಡ ವಿಜಯಮಹಾಂತೇಶ ಕಾಯುತ್ತಿದ್ದ. ಹಣೆಯ ತುಂಬ ವಿಭೂತಿ, ಅಂಗಿಯ ಕಾಲರಿನಲ್ಲಿ ಮೆಣಸಿನಕಾಯಿಯ ಕೆಂಪು ದೂಳು. ಆಮ್ಲೆಟ್ ಮಾಡುವ ಹೋಟೆಲಿನಲ್ಲಿ ಚಹಾ ಕುಡಿಯುವುದಿಲ್ಲವೆಂದು ಅವನು ಬೆಳಗಿನಿಂದ ಬರೀ ನೀರು ಕುಡಿದು ಕುಳಿತಿದ್ದ.

"ಏನ್ರಿ ಅಣ್ಣಾರ, ಈ ಸಲನೂ..." ಎಂದು ಬೆಂಚಿನಿಂದ ಎದ್ದ.

"ನಾಳೆ ಹೇಳ್ತೀನ್ರಿ," ಎಂದ ಕೊಟ್ರೇಶ.

ಅವನನ್ನು ಕಾಡಿದ್ದು ಬೇರೆ. ಯಕೃತ್ತಿನಲ್ಲಿ ಹುಳು ಕೊರೆಯುತ್ತಿದ್ದರೆ ನೋವು, ಜ್ವರ ಏನಾದರೂ ಇರಬೇಕು, ಶೈಲಾಳಿಗೆ ಅದ್ಯಾವುದೂ ಇರಲಿಲ್ಲ. ರಕ್ತದ ಸ್ಲೈಡಿನಲ್ಲಿ, ಹುಳು ಬಿದ್ದವರಲ್ಲಿ ಹೆಚ್ಚಾಗುವ ಕೆಂಪು ಚುಕ್ಕಿಯ ಕಣಗಳು ಎಲ್ಲರಲ್ಲಿ ಇರುವಷ್ಟೇ ಇದ್ದವು. ಮನೆಗೆ ಕಳ್ಳ ನುಗ್ಗಿದ್ದಾನೆ, ನಾಯಿ ಬೊಗಳುತ್ತಿಲ್ಲ. ತತ್ತಿಗಳ ಒಳಗೂ ಏನೋ ಸರಿಯಿರಲಿಲ್ಲ. ಒಳಗಿನದೆಲ್ಲ ಒಂದು ಮಗ್ಗುಲಿಗೆ ಮುದ್ದೆಯಾಗಿ ಕಂದಿತ್ತು. ತಾಜಾ ತತ್ತಿಯನ್ನು ಪಕ್ಕದಲ್ಲಿಟ್ಟು ನೋಡದೆ ರಿಪೋರ್ಟ್ ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಅವನು ಗೂಡುಸಾಬನ ಮಟನ್ ಅಂಗಡಿಗೆ ಹೋದ.

"ಹುಳ ಇರೋ ಕಲೇಜಿ ಬೇಕಾಗಿತ್ತು, ಸಾಬ್ರ."

"ಯಾ ಅಲ್ಲಾ!" ಗೂಡುಸಾಬ ಕತ್ತಿ ಕೆಳಗಿಟ್ಟ. "ಮಂದಿ ಹುಳ ಇಲ್ಲದ್ದು ಕೊಡು ಅಂತ ಜಗಳಾ ತಗೀತಾರ. ಈ ಊರಾಗ ಗಿರಾಕಿ ಅಂದ್ರ ನೀವೊಬ್ರ ನೋಡ್ರಿ!" ನಗುತ್ತಲೇ ಅವನು ಪಕ್ಕಕ್ಕೆ ಎಸೆದಿದ್ದ ಒಂದು ಯಕೃತ್ತನ್ನು ಎತ್ತಿ, ಪಿತ್ತನಾಳವನ್ನು ಸೀಳಿ ಒತ್ತಿದ. ಬೂದುಬಣ್ಣದ ಒಂದು ಎಲೆ ಹೊರಗೆ ಜಾರಿತು. ಆಮೇಲೆ ಆ ಎಲೆ ಮೈ ಮುದುಡಿಕೊಂಡು ಮತ್ತೆ ಚಾಚಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ದಿನಾ ನೋಡ್ತೀನ್ರಿ," ಗೂಡುಸಾಬ ದನಿ ತಗ್ಗಿಸಿ ಹೇಳಿದ, "ಹಿಂಗ ನಿಂತು ನೋಡಿದ್ದಿಲ್ಲ."

ಲ್ಯಾಬಿನಲ್ಲಿ ಆ ಪಿತ್ತರಸದ ಹನಿಯೊಳಗೆ ತತ್ತಿಗಳು ರಾಶಿ ರಾಶಿ ಇದ್ದವು. ಅದೇ ಗಾತ್ರ, ಅದೇ ಬಣ್ಣ, ಅದೇ ಮುಚ್ಚಳ. ಆದರೆ ಒಳಗೆಲ್ಲ ಸಣ್ಣ ರವೆ ತುಂಬಿದ ಹಾಗೆ ತುಂಬಿಕೊಂಡಿತ್ತು. ಶಾಖ ತಾಗಿದರೆ ಇದೂ ಹಾಗೆಯೇ ಮುದ್ದೆಯಾಗುತ್ತದೆಯೇ? ಕೊಟ್ರೇಶ ಎದ್ದು, ಆ ಪಿತ್ತರಸವನ್ನು ಗಾಜಿನ ನಳಿಗೆಗೆ ಹಾಕಿ ಕುದಿಯುವ ನೀರಿನಲ್ಲಿ ಇಳಿಬಿಟ್ಟ. ತಣಿದ ಮೇಲೆ ಒಂದು ಹನಿ ನೋಡಿದ. ರವೆಯೆಲ್ಲ ಹೆಪ್ಪುಗಟ್ಟಿ ಮಗ್ಗುಲಿಗೆ ಸರಿದು ಕಂದಿತ್ತು. ಶೈಲಾಳ ಸ್ಲೈಡಿನಲ್ಲಿ ಕಂಡಂತೆಯೇ.

ಆ ತತ್ತಿಗಳು ಬೆಂದಿದ್ದವು. ಯಾವುದೋ ಕುರಿಯ ಯಕೃತ್ತಿನೊಡನೆ ಒಲೆಯ ಮೇಲೆ ಬೆಂದು, ಶೈಲಾಳ ಬಾಯಿಂದ ಒಳಹೋಗಿ, ಅವಳಿಗೆ ಏನೂ ಮಾಡದೆ ಹಾಗೆಯೇ ಹಾದು ಬಂದಿದ್ದವು. ಅವಳಲ್ಲಿ ಹುಳುವಿಲ್ಲ. ಆದರೆ ಆ ಮನೆಯಲ್ಲಿ? ಮಾಂಸದ ಹೆಸರನ್ನೂ ಎತ್ತದ ಮನೆ ಅದು. ಇದನ್ನು ವಿಜಯಮಹಾಂತೇಶನಿಗೆ ಕೇಳುವುದು ಹೇಗೆ? ಕೇಳದೆ ಖಾತ್ರಿಯಾಗುವುದು ಹೇಗೆ?

ಮರುದಿನ ಇನ್ನೊಂದು ಸ್ಯಾಂಪಲ್ ಬೇಕೆಂದು ನೆಪ ಹೇಳಿ ಅವನು ಬ್ಯಾಡಗಿಗೆ ಹೋದ. ಮಾರುಕಟ್ಟೆಯ ದಿನ. ಅಂಗಳಗಳಲ್ಲೆಲ್ಲ ಕೆಂಪು ರಾಶಿ. ಶೈಲಾಳ ಅತ್ತೆ ನೀಲಗಂಗವ್ವ ಬಾಗಿಲು ತೆರೆಯುವ ಹೊತ್ತಿಗೆ ಅವನು ಸೀನಿ ಸೀನಿ ಕಣ್ಣೀರು ಹಾಕುತ್ತಿದ್ದ.

"ಬಾ ತಮ್ಮಾ, ಕುಂದ್ರು. ನಮ್ಮೂರಿಗೆ ಬಂದೋರೆಲ್ಲ ಅತಗೋತನ ಬರ್ತಾರ," ಎಂದು ನಕ್ಕು ಮಜ್ಜಿಗೆ ಕೊಟ್ಟಳು. "ಮಗ ಅಂಗಡಿಗೆ ಹೋಗ್ಯಾನ. ಆಕಿ ಒಳಗ ಮಲಗ್ಯಾಳ."

"ಆಕಿಗೆ ಊಟಕ್ಕ ಏನ್ ಕೊಡ್ತೀರಿ, ಅವ್ವಾರ?"

"ರೊಟ್ಟಿ, ಪಲ್ಲೆ, ಉತ್ತತ್ತಿ. ಚಟ್ನಿಪುಡಿ ಇಲ್ಲಂದ್ರ ತುತ್ತ ಇಳಿಯೂದಿಲ್ಲ ಆಕಿಗೆ."

"ಮನ್ಯಾಗ ಎಲ್ಲಾರೂ ಅದನ್ನ ತಿಂತೀರೇನ್ರಿ?"

ಅವಳು ಅವನ ಲೋಟಕ್ಕೆ ಮತ್ತಷ್ಟು ಮಜ್ಜಿಗೆ ಸುರಿದಳು. ಕೊಟ್ರೇಶ ಅವಳ ಮುಖ ನೋಡದೆ, ಲೋಟವನ್ನು ನೋಡುತ್ತ ಹೇಳಿದ: "ನಾ ಮತ್ತೇನೂ ಕೇಳೂದಿಲ್ರಿ. ಬೆಂದ ಕುರಿ ಕಲೇಜಿ ಆಕಿ ಹೊಟ್ಟಿಯೊಳಗ ಹೋಗೇತೇನು? ಹೋಗಿದ್ರ ಆಕಿಗೆ ರೋಗ ಇಲ್ಲ. ಹೋಗಿಲ್ಲಂದ್ರ ಹುಬ್ಬಳ್ಳಿಗೆ ಕಳಸ್ತಾರ. ಅಲ್ಲಿ ಕೊಡೋ ಔಷಧಕ್ಕ ಕೂಸು ಉಳೀತೈತಿ ಅಂತ ಯಾರೂ ಹೇಳೂದಿಲ್ಲ."

ನೀಲಗಂಗವ್ವ ಎದ್ದು ಹೋಗಿ ಒಳಕೋಣೆಯ ಬಾಗಿಲನ್ನು ಮುಂದೆ ಮಾಡಿ ಬಂದಳು. ಕುಳಿತವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಇದ್ದಳು.

"ನನ್ನ ತವರು ಐರಣಿ. ಹೊಳಿದಂಡ್ಯಾಗ ಕುರಿ ಮೇಸೋ ಹೊಳಿಯಪ್ಪ ಅಂತ ಅದಾನ. ಅವನ ಹೇಂತಿ ಕುದಿಸಿ ಒಣಗಿಸಿ ಕೊಡ್ತಾಳ. ಮೈಯಾಗ ರಕ್ತ ಆಗ್ಲಿ ಅಂತ ನಾ ಅದನ್ನ ಶೇಂಗಾ, ಬಳ್ಳೊಳ್ಳಿ ಹಾಕಿ ಚಟ್ನಿಪುಡಿಗೆ ಕುಟ್ಟತೀನಿ. ನಮ್ಮ ಖಾರದ ಬಣ್ಣದಾಗ ಏನ್ ಕಾಣ್ತೈತಿ?"

"ಆಕಿಗೆ ಗೊತ್ತೇನ್ರಿ?"

"ಗೊತ್ತಾದ್ರ ತಿಂತಾಳೇನೋ ಹುಚ್ಚಪ್ಪಾ?" ಅವಳ ದನಿ ಒಡೆಯಿತು. "ಎರಡು ಕೂಸು ಮಣ್ಣಿಗಿಟ್ಟು ಬಂದೇನಿ ನಾನು. ಕುಟ್ಟಿದ ದಿನ ಉಣ್ಣೂದಿಲ್ಲ, ಪೂಜಿ ಮಾಡೂದಿಲ್ಲ. ತಲಿಮ್ಯಾಲ ನೀರು ಸುರಕೊಂಡು ಹಿತ್ತಲದಾಗ ಸುಮ್ಮನ ಕುಂದರ್ತೀನಿ. ಈ ಮಗ ಹೊಟ್ಟಿಯೊಳಗ ಇದ್ದಾಗ ನಮ್ಮವ್ವ ನನಗೂ ಹಿಂಗ ಉಣಿಸಿದ್ಲಂತ. ಸಾಯೂ ಮುಂದ ಕಿವ್ಯಾಗ ಹೇಳಿದ್ಲು. ನನಗ ಸಿಟ್ಟು ಬರಬೇಕಿತ್ತು. ಬರ್ಲಿಲ್ಲ."

ಕೊಟ್ರೇಶನಿಗೆ ಸಿಟ್ಟು ಬಂದಿತ್ತು. ಒಳಗೆ ಮಲಗಿದ್ದವಳ ಬಾಯಿಗೆ ಅವಳು ಒಪ್ಪದ ತುತ್ತನ್ನು ಇಡುವ ಹಕ್ಕು ಯಾರಿಗಿದೆ? ಆದರೆ ಆ ಸಿಟ್ಟಿನ ಕೆಳಗೆ ಇನ್ನೊಂದಿತ್ತು, ತತ್ತಿಯ ಮುಚ್ಚಳ ತೆರೆದುಕೊಂಡಾಗ ಕೈ ತಣ್ಣಗಾಗಿಸಿದ ಬೆರಗು. ತಾಯಿಯಿಂದ ಮಗಳಿಗೆ, ಮಗಳಿಂದ ಸೊಸೆಗೆ, ಮಾತಿಲ್ಲದೆ ದಾಟಿ ಬಂದ ಈ ದಾರಿಯನ್ನು ಯಾರು ಬಿಡಿಸಿದ್ದರು? ತನ್ನ ಮೈ ಮುಟ್ಟಲು ತಾನೇ ಹೇಸುತ್ತ ಹಿತ್ತಲಲ್ಲಿ ಕುಳಿತ ಈ ಹೆಂಗಸಿನ ಎದುರು ಅವನು ಸಿಟ್ಟನ್ನು ಬಾಯಿಗೆ ತರಲಿಲ್ಲ.

"ಇನ್ನ ಕೊಡಬ್ಯಾಡ್ರಿ," ಎಂದ. "ರಕ್ತಕ್ಕ ಡಾಕ್ಟರು ಇಂಜೆಕ್ಷನ್ ಕೊಡ್ತಾರ. ಮುಂದಿನ ವಾರ ಮತ್ತ ನೋಡೂಣು."

"ನಿಲ್ಲಸ್ತೀನಿ. ಆಕಿಗೆ ಹೇಳ್ತೀಯೇನು?"

ಅವನು ಲೋಟ ಕೆಳಗಿಟ್ಟು ಎದ್ದ.

ಸುಧಾರಾಣಿಯವರಿಗೆ ಅವನು ಹೇಳಿದ್ದು ಇಷ್ಟೇ: "ಊಟದಾಗ ಬಂದು ಹಾದು ಹೋದ ತತ್ತಿರಿ ಮೇಡಂ. ಬೆಂದಾವು." ಅವರು ಎರಡೂ ಸ್ಲೈಡುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ತಲೆಯೆತ್ತಿ ಅವನನ್ನು ದಿಟ್ಟಿಸಿದರು. ಯಾರ ಮನೆಯ ಊಟ, ಯಾರ ಕೈಯ ಊಟ ಎಂದು ಕೇಳಲಿಲ್ಲ. ಹುಬ್ಬಳ್ಳಿಯ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಮುಂದಿನ ವಾರದ ಸ್ಯಾಂಪಲ್ಲಿನಲ್ಲಿ ತತ್ತಿಗಳಿರಲಿಲ್ಲ. ಅದರ ಮುಂದಿನದರಲ್ಲಿಯೂ ಇರಲಿಲ್ಲ.

ಏಳನೆಯ ತಿಂಗಳಲ್ಲಿ ಶೈಲಾ ತಾನೇ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಕೆನ್ನೆಗೆ ಬಣ್ಣ ಬಂದಿತ್ತು.

"ಅಣ್ಣಾರ, ಖರೇ ಹೇಳ್ರಿ. ನನ್ನ ಹೊಟ್ಟಿಯೊಳಗ ಹುಳ ಇತ್ತೇನು?"

"ಇರ್ಲಿಲ್ರಿ ಅಕ್ಕಾರ."

"ಮತ್ತ ಡಾಕ್ಟರು ಹೇಳಿದ ತತ್ತಿ ಎಲ್ಲಿಂದ ಬಂದ್ವು?"

"ಊಟದಾಗ ಬಂದಿದ್ವು. ಈಗ ಇಲ್ಲ."

"ಅದಕ್ಕ ನಮ್ಮತ್ತಿ ಎಲ್ಲಾ ಡಬ್ಬಿ ತೊಳದು ಇಟ್ಟಾಳೇನು!" ಅವಳು ನಕ್ಕಳು. "ಏನರ ಅನ್ರಿ, ಮೊದಲಿನ ಚಟ್ನಿಪುಡಿ ರುಚಿ ಈಗಿಂದಕ್ಕಿಲ್ಲ. ಏನ್ ಹಾಕ್ತಿದ್ದಿ ಅಂತ ಕೇಳಿದ್ರ ಹೇಳೂದೂ ಇಲ್ಲ ಮುದುಕಿ."

ಶ್ರಾವಣದಲ್ಲಿ ಅವಳಿಗೆ ಮಗಳು ಹುಟ್ಟಿದಳು. ಆಮೇಲೂ ಎಷ್ಟೋ ಸಲ ಕೂಸನ್ನು ಎತ್ತಿಕೊಂಡು ಲ್ಯಾಬಿಗೆ ಬಂದಳು. ಅವಳು ಏನು ತಿಂದಿದ್ದಳು ಎಂಬುದನ್ನು ಕೊಟ್ರೇಶ ಅವಳಿಗೆ ಎಂದೂ ಹೇಳಲಿಲ್ಲ.