ಎಡಗೈಗೊಂದು ಟೂಲ್ ಪೋಸ್ಟ್

ನಮ್ಮಪ್ಪ ಕರಿಬಸವಯ್ಯನವರು ಹಿಡಿದ ಮೊಲಕ್ಕೆ ಮೂರೇ ಕಾಲು. ಅವರ ಮಗಳು ಮೇಘಶ್ರೀ, ಅಂದರೆ ನಾನು, ಹಿಡಿದ ಮೊಲಕ್ಕೆ ಎರಡೇ.

ಸುಬ್ರಹ್ಮಣ್ಯಪುರದ ನಮ್ಮ ಮನೆಯ ಕೆಳಗೆ ಅಪ್ಪನ ಶೆಡ್ಡು, ಅದರಲ್ಲೊಂದು ಲೋಹ ಕಡೆಯುವ ಪುಟ್ಟ ಲೇತ್. ಹೋದ ವರ್ಷ ಲಕ್ವ ಹೊಡೆದು ಅಪ್ಪನ ಬಲಗೈ ಸೋತಿತು, ಎತ್ತಿದರೆ ನಡುಗುತ್ತದೆ. ಲೋಹ ಕೊರೆಯುವ ಟೂಲನ್ನು ಬಿಗಿದು ಹಿಡಿಯುವುದು ಟೂಲ್ ಪೋಸ್ಟ್. ನಮ್ಮ ಹಳೆಯದರಲ್ಲಿ ಟೂಲ್ ಬದಲಿಸಿದಾಗಲೆಲ್ಲ ಅದರಡಿ ತಗಡಿನ ಪಟ್ಟಿಗಳನ್ನಿಟ್ಟು ಎತ್ತರ ಹೊಂದಿಸಬೇಕು, ಆಮೇಲೆ ಬೋಲ್ಟ್ ಬಿಗಿಯಬೇಕು. ಅದು ಎರಡು ಕೈಯ ಕೆಲಸ. ಒಂದೇ ಕೈಯಲ್ಲಿ ಮಾಡಹೋಗಿ ಪಟ್ಟಿಗಳು ಜಾರಿ ಬೀಳುತ್ತಿದ್ದವು. ಕೊನೆಗೆ ಬೇಸತ್ತು, ಆಯುಧಪೂಜೆ ಮುಗಿದ ಮೇಲೆ ಲೇತ್ ಒಯ್ಯಿರಿ ಎಂದು, ಹಳೆ ಯಂತ್ರ ಕೊಳ್ಳುವ ಬೊಮ್ಮನಹಳ್ಳಿಯ ಜಯಸಿಂಹನಿಗೆ ಹೇಳಿಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಲೇತ್ ಹೋದರೆ ಅಪ್ಪ ಕುರ್ಚಿ ಹಿಡಿಯುತ್ತಾರೆ, ಹಿಡಿದರೆ ಏಳುವುದಿಲ್ಲ. ಹಾಗಾಗಲು ನಾನು ಬಿಡುವವಳಲ್ಲ.

ಕ್ವಿಕ್ ಚೇಂಜ್ ಟೂಲ್ ಪೋಸ್ಟ್ ಇದ್ದರೆ ಒಂದೇ ಕೈ ಸಾಕು. ಪ್ರತಿ ಟೂಲಿಗೂ ಅದರದೇ ಹೋಲ್ಡರ್, ಎತ್ತರ ಒಮ್ಮೆ ಹೊಂದಿಸಿದರಾಯಿತು. ಹೋಲ್ಡರನ್ನು ಮೇಲಿಂದ ಜಾರಿಸಿ ಹಿಡಿ ಎಳೆದರೆ ಗಟ್ಟಿ ಕೂರುತ್ತದೆ. ಅಂಗಡಿಯಲ್ಲಿ ಸಿಗುವವು ನಮ್ಮ ಪುಟ್ಟ ಲೇತಿಗೆ ತೀರಾ ಎತ್ತರ. ನಾನು ಕೆಲಸ ಮಾಡುವ ಕಾರ್ಖಾನೆಯ ಟೂಲ್ ರೂಮಿನಲ್ಲಿ, ಶಿಫ್ಟ್ ಮುಗಿದ ಮೇಲೆ ನಿಂತು, ನಾನೇ ಒಂದು ಮಾಡಿದೆ. ಹಿಡಿಯನ್ನು ಎಡಗೈಗೆ ಸಿಗುವಂತೆ ಉದ್ದವಿಟ್ಟೆ.

ಆಯುಧಪೂಜೆಯ ಬೆಳಿಗ್ಗೆ ಅದನ್ನು ಅಪ್ಪನ ಮುಂದಿಟ್ಟೆ.

"ತೆಗೆದು ಹಾಕಿದ್ರೆ ಟೂಲು ಅದೇ ಜಾಗಕ್ಕೆ ಬರುತ್ತಾ?"

"ಬರುತ್ತೆ ಅಪ್ಪಾಜಿ. ನಿನ್ನೆನೇ ನೋಡಿದೀನಿ."

"ಇವತ್ತು ಲೇತ್ ಓಡ್ಸಂಗಿಲ್ಲ. ನಾಳೆ ನನ್ನ ಮುಂದೆ ತೋರ್ಸು. ಡಯಲ್ ಗೇಜಿನ ಮುಳ್ಳು ಅಲ್ಲಾಡಿದ್ರೆ ಲೇತು ಜಯಸಿಂಹಂಗೆ."

ಲೇತಿಗೆ ವಿಭೂತಿ ಹಚ್ಚುತ್ತಿದ್ದ ಅಮ್ಮ ಬಟ್ಟಲು ಹಿಡಿದು ನನ್ನ ಪೋಸ್ಟಿನ ಕಡೆ ಬಂದಳು. ಅಪ್ಪ ತಡೆದರು. "ಅದಕ್ಯಾಕೆ? ಅದಿನ್ನೂ ಆಯುಧ ಆಗಿಲ್ಲ."

ಆ ಮಾತು ಚುಚ್ಚಿತು. ಹಬ್ಬದ ಹೋಳಿಗೆಯೂ ನನಗೆ ರುಚಿಸಲಿಲ್ಲ.

ಮರುದಿನ ಅಪ್ಪನೆದುರು ಪೋಸ್ಟನ್ನು ಲೇತಿಗೆ ಕೂರಿಸಿ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ತೋರಿಸುವ ಡಯಲ್ ಗೇಜನ್ನು ಟೂಲಿನ ತುದಿಗೆ ತಾಗಿಸಿದೆ. ಹೋಲ್ಡರ್ ತೆಗೆದು ಮತ್ತೆ ಹಾಕಿದೆ. ಮುಳ್ಳು ಸರಿಯಿತು. ಮತ್ತೆ ಹಾಕಿದೆ, ಇನ್ನೊಂದು ಕಡೆ ನಿಂತಿತು.

"ಸಂಜೆ ಜಯಸಿಂಹ ಬರ್ತಾನೆ," ಎಂದು ಹೇಳಿ ಅಪ್ಪ ಮೆಟ್ಟಿಲು ಹತ್ತಿದರು. ಅವರ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ.

ಮೊನ್ನೆ ಸರಿಯಿದ್ದದ್ದು ಇವತ್ತು ಹೇಗೆ ಕೆಟ್ಟೀತು? ಪೋಸ್ಟನ್ನು ಬಿಚ್ಚಿ ಒರೆಸಿದೆ, ಅಳತೆ ನೋಡಿದೆ. ತಪ್ಪಿರಲಿಲ್ಲ. ನೋಡದೆ ಉಳಿದದ್ದು ಹೋಲ್ಡರಿನ ಒಳಮೈ ಒಂದೇ. ಅದನ್ನು ಬಾಗಿಲ ಬೆಳಕಿಗೆ ತಿರುಗಿಸಿದೆ.

ಪೋಸ್ಟಿನ ಮೇಲೆ ಕೂರುವ ತೋಡಿನೊಳಗೆ, ಯಾರಿಗೂ ಕಾಣದ ಜಾಗದಲ್ಲಿ, ವಿಭೂತಿಯ ಮೂರು ಗೆರೆಗಳಿದ್ದವು. ನೀರಲ್ಲಿ ಕಲಸಿ ಹಚ್ಚಿದ್ದು ಒಣಗಿ ಸುಣ್ಣದಂತೆ ಗಟ್ಟಿಯಾಗಿತ್ತು. ಹೋಲ್ಡರ್ ಪೂರ್ತಿ ಕೂರದಿದ್ದುದು ಅದರಿಂದಲೇ. ಗೆರೆಗಳು ಅಂಕುಡೊಂಕಾಗಿದ್ದವು. ವಿಭೂತಿಯನ್ನು ಎಡಗೈಯಲ್ಲಿ ಹಚ್ಚಬಾರದೆಂದು ಅಪ್ಪ ರಾತ್ರಿ ಗುಟ್ಟಾಗಿ ಆ ನಡುಗುವ ಬಲಗೈಯಲ್ಲೇ ಹಚ್ಚಿದ್ದರು.

ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಅದನ್ನು ಕೆರೆದು ಹಣೆಗೆ ಹಚ್ಚಿಕೊಂಡೆ. ಉಳಿದದ್ದನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ತೆಗೆದೆ.

"ಅಪ್ಪಾಜಿ, ಕೆಳಗೆ ಬನ್ನಿ," ಎಂದು ಕೂಗಿದೆ. "ಈ ಸಲ ನೀವೇ ಹಾಕಿ."

ಅಪ್ಪ ಎಡಗೈಯಲ್ಲಿ ಹೋಲ್ಡರ್ ತೆಗೆದರು, ಹಾಕಿದರು, ಹಿಡಿ ಎಳೆದರು. ಮುಳ್ಳು ಅಲ್ಲಾಡಲಿಲ್ಲ. ನಂಬದೆ ಇನ್ನೊಮ್ಮೆ ಹಾಕಿದರು. ಅಲ್ಲೇ ಇತ್ತು. ಆಗ ನನ್ನ ಹಣೆ ನೋಡಿದರು.

"ಏನಮ್ಮ ಅದು?"

"ಇನ್ನೂ ಆಯುಧ ಆಗಿಲ್ದೆ ಇರೋದಕ್ಕೆ ಯಾರೋ ಹಚ್ಚಿದ್ರು. ಅಡ್ಡ ಬರ್ತಿತ್ತು, ತೆಗೆದೆ."

ಅಪ್ಪ ಆ ಹಿಡಿಯನ್ನೊಮ್ಮೆ ಒರೆಸಿದರು. ಆಮೇಲೆ ಎಡಗೈ ಚಾಚಿದರು.

"ಫೋನ್ ಕೊಡು. ಜಯಸಿಂಹಂಗೆ ಬರೋದು ಬೇಡ ಅಂತೀನಿ."